ಸ್ಕ್ಯಾನ್ ಮಾಡಿಸುವ ಮುನ್ನ ಕೋಣೆಯನ್ನು ಅಳೆಯಿರಿ

ಓಲೆಗರಿ, ಕಡತ, ಹಳೆಯ ಪುಸ್ತಕ, ಚಿತ್ರಪಟ, ವಿಗ್ರಹಗಳನ್ನು ಕಾಪಾಡಿಕೊಂಡು ಬಂದಿರುವ ಮಠ, ಬಸದಿ, ದೇವಸ್ಥಾನ, ಗ್ರಂಥಾಲಯ ಮತ್ತು ಸಣ್ಣ ವಸ್ತುಸಂಗ್ರಹಾಲಯಗಳ ಆಡಳಿತ ಮಂಡಳಿಯ ಮಾನ್ಯ ಸದಸ್ಯರಿಗೆ,



ಹಸ್ತಪ್ರತಿಗಳ ಕೆಲಸಕ್ಕೆಂದು ಬಂದಾಗಲೆಲ್ಲ ನೀವು ತೋರಿಸಿದ ಪ್ರೀತಿಗೆ ನಾನು ಋಣಿ. ನಂಬಿ ಬೀಗದ ಕೈ ಕೊಟ್ಟಿದ್ದೀರಿ, ಊಟಕ್ಕೆ ಕರೆದಿದ್ದೀರಿ, ಅಟ್ಟದ ಪೆಟ್ಟಿಗೆಗಳನ್ನು ಇಳಿಸಲು ಹೆಗಲು ಕೊಟ್ಟಿದ್ದೀರಿ. ಆ ಸಲುಗೆಯಿಂದಲೇ ಒಂದು ಮಾತು ಹೇಳಬೇಕಿದೆ. ಈಚಿನ ವರ್ಷಗಳಲ್ಲಿ ಎಲ್ಲಿಗೆ ಹೋದರೂ ಮೊದಲು ಕಿವಿಗೆ ಬೀಳುವುದು, "ನಮ್ಮದೆಲ್ಲ ಡಿಜಿಟಲ್ ಆಗಿದೆ, ಇನ್ನು ಚಿಂತೆಯಿಲ್ಲ" ಎಂಬ ಮಾತು. ಹಾರ್ಡ್ ಡಿಸ್ಕ್ ತೆಗೆದು ತೋರಿಸುತ್ತೀರಿ. ಅದು ದೊಡ್ಡ ಕೆಲಸವೇ, ತಕರಾರಿಲ್ಲ. ಆದರೆ ಮೂಲ ಓಲೆಗಳಿರುವ ಕೋಣೆಯಲ್ಲಿ ನಿಂತು, ಮಳೆಗಾಲದಲ್ಲಿ ಇಲ್ಲಿ ತೇವಾಂಶ ಎಷ್ಟಿರುತ್ತದೆ, ಈ ವೈರಿಂಗ್ ಯಾವ ಕಾಲದ್ದು, ರಾತ್ರಿ ಬೆಂಕಿ ಬಿದ್ದರೆ ಮೊದಲು ಹೊರಗೆ ತರಬೇಕಾದ ಪೆಟ್ಟಿಗೆ ಯಾವುದು ಎಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಸ್ಕ್ಯಾನಿಂಗ್‌ಗೆ ಲಕ್ಷಗಳು ಹೊಂದುತ್ತವೆ, ಆ ಕೋಣೆಗೆ ಕೆಲವು ಸಾವಿರ ಹೊಂದುವುದಿಲ್ಲ. ಕಂಪ್ಯೂಟರನ್ನು ನಾವು ನಕಲು ತೆಗೆಯುವುದಕ್ಕೆ ಮಾತ್ರ ಬಳಸಿದ್ದೇವೆ, ಅಪಾಯ ಅಳೆಯುವುದಕ್ಕೆ ಬಳಸಿಲ್ಲ. ಬಳಸಿ ಎಂದು ಕೇಳಿಕೊಳ್ಳಲು ಈ ಪತ್ರ.

ನಕಲು ಇದ್ದ ಮೇಲೆ ಮೂಲ ಯಾಕೆ ಎಂದು ನಿಮ್ಮಲ್ಲಿ ಕೆಲವರು ನನ್ನನ್ನು ನೇರವಾಗಿಯೇ ಕೇಳಿದ್ದೀರಿ. ಷಟ್ಖಂಡಾಗಮದ ಮೇಲಿನ ಧವಲಾ ಟೀಕೆಯ ಪ್ರಾಚೀನ ತಾಡವೋಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ, ಹಳಗನ್ನಡ ಲಿಪಿಯಲ್ಲಿ, ಶತಮಾನಗಳ ಕಾಲ ಉಳಿದು ಬಂದವು. ಅವುಗಳ ನಕಲುಗಳು ಹೊರಗೆ ಹೋದವು, 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಗ್ರಂಥ ಅಚ್ಚಾಗತೊಡಗಿತು. ಅಷ್ಟಾದ ಮೇಲೂ ಪಾಠದ ಸಂದೇಹ ಬಂದಾಗ ವಿದ್ವಾಂಸರು ಮೂಡುಬಿದಿರೆಯ ಓಲೆಗಳಿಗೇ ಮರಳಿದರು. ಆ ಓಲೆಗಳ ಮೇಲಿನ ಬಣ್ಣದ ಚಿತ್ರಗಳು ಕಲಾ ಇತಿಹಾಸಕಾರರಿಗೆ ಇನ್ನೊಂದೇ ಆಕರವಾದವು. ಮೈಸೂರಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಒಂದು ಓಲೆಕಟ್ಟನ್ನು 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದರು, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಗಿ ಜಗತ್ತಿನ ಕೈಗೆ ಬಂತು. ನಿಮ್ಮ ಬೀರುಗಳಲ್ಲಿ ಓದದೆ ಉಳಿದ ಕಟ್ಟುಗಳು ಎಷ್ಟಿವೆ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾಳೆ ಬರುವ ಉಪಕರಣ ಓಲೆಯ ವಯಸ್ಸನ್ನೋ, ಮಾಸಿದ ಅಕ್ಷರವನ್ನೋ ಹೇಳಬಲ್ಲದು. ಆದರೆ ಅದಕ್ಕೆ ಓಲೆಯೇ ಬೇಕು.

ಕರಾವಳಿಯ ಒಂದು ಸಂಸ್ಥೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಹಸ್ತಪ್ರತಿ ಕೋಣೆಗೆ ಭಕ್ತರೊಬ್ಬರು ಪ್ರೀತಿಯಿಂದ ಎಸಿ ಹಾಕಿಸಿಕೊಟ್ಟಿದ್ದರು. ಬೆಳಿಗ್ಗೆ ಕಚೇರಿ ತೆರೆದಾಗ ಹಾಕುವುದು, ಸಂಜೆ ಬಾಗಿಲು ಮುಚ್ಚುವಾಗ ಆರಿಸುವುದು ರೂಢಿ. ಹಗಲು ಒಳಗೆ ಕಾಲಿಟ್ಟರೆ ಹಿತವಾದ ತಂಪು. ಆದರೂ ಪ್ರತಿ ಮಳೆಗಾಲ ಕಳೆಯುವ ಹೊತ್ತಿಗೆ ಕಬ್ಬಿಣದ ಬೀರುವಿನ ಕೆಳಖಾನೆಗಳ ಓಲೆಗಳ ಮೇಲೆ ಬೂದುಬಣ್ಣದ ಬೂಸ್ಟು ಕೂತಿರುತ್ತಿತ್ತು. ಕಟ್ಟಿದ ಕೆಂಪು ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದರೆ ಹಸಿ ಮಣ್ಣಿನ ವಾಸನೆ. ಓಲೆಗಳಿಗೆ ವಯಸ್ಸಾಯಿತು, ಏನು ಮಾಡಲಿಕ್ಕಾಗುತ್ತದೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ಬೆಂಕಿಪೊಟ್ಟಣದ ಗಾತ್ರದ ಒಂದು ಡೇಟಾ ಲಾಗರನ್ನು ಬೀರುವಿನೊಳಗೆ, ಇನ್ನೊಂದನ್ನು ಕೋಣೆಯ ಗೋಡೆಗೆ ಇಟ್ಟೆವು. ಹದಿನೈದು ನಿಮಿಷಕ್ಕೊಮ್ಮೆ ಉಷ್ಣಾಂಶವನ್ನೂ ತೇವಾಂಶವನ್ನೂ ತಾನೇ ದಾಖಲಿಸಿಕೊಳ್ಳುವ ಸಾಧನ ಅದು. ಆಗಸ್ಟ್‌ನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಜುಲೈ ತಿಂಗಳ ಗ್ರಾಫ್ ತೆರೆದಾಗ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತಿತ್ತು. ಹಗಲು ತೇವಾಂಶ ಶೇ. 55ರ ಆಸುಪಾಸು, ಎಸಿ ಆರಿದ ಮೇಲೆ ಏರುತ್ತ ಹೋಗಿ ನಡುರಾತ್ರಿಗೆ ಶೇ. 90ರ ಹತ್ತಿರ. ಬೆಳಿಗ್ಗೆ ಮತ್ತೆ ಇಳಿತ. ಓಲೆ ಪ್ರತಿದಿನ ಒಣಗಿ, ಪ್ರತಿರಾತ್ರಿ ಹಸಿಯಾಗುತ್ತಿತ್ತು. ಕಾರಣ ಸರಳ. ಮಳೆಗಾಲದ ರಾತ್ರಿ ಹೊರಗೆ 27 ಡಿಗ್ರಿ ಸೆಲ್ಸಿಯಸ್, ಶೇ. 90 ತೇವಾಂಶ ಇದ್ದರೆ, ಆ ಗಾಳಿ 25 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಅಲ್ಲಿ ನೀರಾಗಿ ಇಳಿಯುತ್ತದೆ. ದಿನವಿಡೀ 22 ಡಿಗ್ರಿಗೆ ತಣಿದ ಕಬ್ಬಿಣದ ಬೀರು, ಕಿಟಕಿಯ ಸಂದಿನಿಂದ ಒಳಬಂದ ಆ ಗಾಳಿಗೆ ಸಿದ್ಧವಾಗಿ ನಿಂತಿರುತ್ತಿತ್ತು. ಕಾಪಾಡಲೆಂದು ತಂದ ಯಂತ್ರವೇ ಕೇಡಿನ ಮೂಲವಾಗಿತ್ತು. ಹಗಲು ಹೋಗಿ ಬರುವವರ ಕಣ್ಣಿಗೆ ಅದು ಬೀಳುವ ಹಾಗೇ ಇರಲಿಲ್ಲ, ಏಕೆಂದರೆ ಕೇಡು ನಡೆಯುತ್ತಿದ್ದದ್ದು ರಾತ್ರಿ.

ಎಸಿ ನಿಲ್ಲಿಸಿದರು. ಕಿಟಕಿಯ ಸಂದುಗಳನ್ನು ಮುಚ್ಚಿದರು, ಬೀರುವನ್ನು ಹೊರಗೋಡೆಯಿಂದ ಸರಿಸಿ ಮರದ ಮಣೆಯ ಮೇಲೆ ನಿಲ್ಲಿಸಿದರು, ಗಾಳಿಯ ತೇವ ಹೀರುವ ಸಣ್ಣ ಯಂತ್ರ ತಂದರು. ಮುಂದಿನ ಮಳೆಗಾಲದ ಗೆರೆ ಹೆಚ್ಚುಕಡಿಮೆ ನೇರವಾಗಿ ಶೇ. 65ರ ಕೆಳಗೇ ಇತ್ತು. ಬೂಸ್ಟು ಮರಳಲಿಲ್ಲ. ಎಸಿಯ ಕರೆಂಟ್ ಬಿಲ್ಲೂ ಉಳಿಯಿತು.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಲಿಲ್ಲ. ಲಾಗರ್ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ. ಅಮೆರಿಕದ ರಾಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವ ಡ್ಯೂ ಪಾಯಿಂಟ್ ಕ್ಯಾಲ್ಕುಲೇಟರ್‌ನಲ್ಲಿ ಉಷ್ಣಾಂಶ, ತೇವಾಂಶ ಎಂಬ ಎರಡು ಸಂಖ್ಯೆ ಹಾಕಿದರೆ ಸಾಕು, ಗಾಳಿ ಯಾವ ಡಿಗ್ರಿಗೆ ನೀರಾಗುತ್ತದೆ, ಬೂಸ್ಟು ಬರುವ ಸಂಭವ ಎಷ್ಟು ಎಂಬುದನ್ನು ತೋರಿಸುತ್ತದೆ. ಕೆನಡಿಯನ್ ಕನ್ಸರ್ವೇಶನ್ ಇನ್‌ಸ್ಟಿಟ್ಯೂಟ್‌ನ ಬೆಳಕಿನ ಕ್ಯಾಲ್ಕುಲೇಟರ್ ಕೂಡ ಉಚಿತ. ಯಾವ ಬಣ್ಣ ಎಷ್ಟು ಬೆಳಕಿನಲ್ಲಿ ಎಷ್ಟು ವರ್ಷಕ್ಕೆ ಮಾಸುತ್ತದೆ ಎಂದು ಅದು ಮುಂಚಿತವಾಗಿ ತೋರಿಸುತ್ತದೆ. ಕಿಟಕಿಯ ಎದುರು 1000 ಲಕ್ಸ್ ಬೆಳಕಿನಲ್ಲಿ ತೂಗುಹಾಕಿದ ಮೈಸೂರು ಶೈಲಿಯ ಚಿತ್ರ ಎಂಟು ಗಂಟೆಯ ಒಂದೇ ದಿನದಲ್ಲಿ ಹೀರುವ ಬೆಳಕನ್ನು, 50 ಲಕ್ಸ್‌ನ ಮೂಲೆಯಲ್ಲಿ ಹೀರಲು ಇಪ್ಪತ್ತು ದಿನ ಬೇಕು. ಒಂದು ಮೊಳೆಯನ್ನು ಎದುರು ಗೋಡೆಗೆ ಬದಲಿಸಿದರೆ ಚಿತ್ರದ ಆಯುಷ್ಯ ಅಷ್ಟು ಹೆಚ್ಚುತ್ತದೆ.

ಆದರೆ ನಾನು ನಿಮ್ಮ ಮುಂದೆ ಇಡಬೇಕೆಂದಿರುವ ಮುಖ್ಯ ಸಾಧನ ಇವು ಯಾವುವೂ ಅಲ್ಲ. ಅದು ಒಂದು ಸ್ಪ್ರೆಡ್‌ಶೀಟ್. ನಿಮ್ಮ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗ ದಿನವೂ ತೆರೆಯುವಂಥದ್ದೇ.

ರೋಮ್‌ನಲ್ಲಿರುವ ಇಕ್ರೋಮ್ ಸಂಸ್ಥೆ ಮತ್ತು ಕೆನಡಾದ ಅದೇ ಇನ್‌ಸ್ಟಿಟ್ಯೂಟ್ ಸೇರಿ ರೂಪಿಸಿದ, ಆ ಸ್ಪ್ರೆಡ್‌ಶೀಟಿನಲ್ಲೇ ತುಂಬಬಹುದಾದ ಎಬಿಸಿ ಎಂಬ ಅಪಾಯ ಅಳೆಯುವ ವಿಧಾನವಿದೆ. 2016ರಲ್ಲಿ ಅದರ ಮಾರ್ಗದರ್ಶಿ ಪುಸ್ತಕ ಬಂತು, ಅಂತರ್ಜಾಲದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಂಗ್ರಹಕ್ಕೆ ಕೇಡು ತರುವ ಹತ್ತು ಕಾರಣಗಳನ್ನು ಅದು ಹೆಸರಿಸುತ್ತದೆ: ಬೀಳುವುದು ಮುರಿಯುವುದು, ಕಳ್ಳತನ, ಬೆಂಕಿ, ನೀರು, ಹುಳುಹುಪ್ಪಟೆ, ಧೂಳು ಹೊಗೆ, ಬೆಳಕು, ತಪ್ಪಾದ ಉಷ್ಣಾಂಶ, ತಪ್ಪಾದ ತೇವಾಂಶ, ಕೊನೆಗೆ ಮಾಹಿತಿ ಕಳಚಿಹೋಗುವುದು. ಪ್ರತಿಯೊಂದಕ್ಕೂ ಮೂರು ಪ್ರಶ್ನೆ. ಇದು ಎಷ್ಟು ವರ್ಷಕ್ಕೊಮ್ಮೆ ಆಗುತ್ತದೆ? ಆದಾಗ ಒಂದೊಂದು ವಸ್ತುವಿನ ಬೆಲೆ ಎಷ್ಟು ಪಾಲು ಹೋಗುತ್ತದೆ? ಇಡೀ ಸಂಗ್ರಹದಲ್ಲಿ ಎಷ್ಟು ಪಾಲಿಗೆ ತಗಲುತ್ತದೆ? ಒಂದೊಂದಕ್ಕೂ ಐದರವರೆಗೆ ಅಂಕ. ಒಂದು ಅಂಕ ಇಳಿದರೆ ಅಪಾಯ ಹತ್ತು ಪಟ್ಟು ಇಳಿದಂತೆ. ಮೂರನ್ನೂ ಕೂಡಿ.

ನಿಮ್ಮಲ್ಲಿ ಬಹುತೇಕ ಎಲ್ಲೆಡೆ ಇರುವ ಹೆಂಚಿನ ಸೋರಿಕೆಯನ್ನೇ ಲೆಕ್ಕಕ್ಕೆ ಹಿಡಿಯೋಣ. ಪ್ರತಿವರ್ಷ ಸೋರುತ್ತದೆ, ಆದ್ದರಿಂದ 5. ಒದ್ದೆಯಾದ ಕಟ್ಟು ತನ್ನ ಬೆಲೆಯಲ್ಲಿ ಹತ್ತನೇ ಒಂದು ಪಾಲು ಕಳೆದುಕೊಳ್ಳುತ್ತದೆ ಎಂದಿಟ್ಟುಕೊಂಡರೆ 4. ನೂರು ಕಟ್ಟುಗಳಲ್ಲಿ ಒಂದಕ್ಕೆ ನೀರು ತಗಲಿದರೆ 3. ಒಟ್ಟು 12. ಈಗ ಬೆಂಕಿ. ನಿಮ್ಮ ಅಜ್ಜನ ಕಾಲದಿಂದಲೂ ಬಿದ್ದಿಲ್ಲ. ಮುನ್ನೂರು ವರ್ಷಕ್ಕೊಮ್ಮೆ ಬೀಳಬಹುದು ಎಂದು ಉದಾರವಾಗಿಯೇ ಅಂದಾಜಿಸೋಣ, ಅದಕ್ಕೆ 2.5. ಆದರೆ ಬಿದ್ದರೆ ಪ್ರತಿ ಓಲೆಯೂ ಪೂರ್ತಿ ಹೋಗುತ್ತದೆ, 5. ಎಲ್ಲ ಓಲೆಗಳೂ ಹೋಗುತ್ತವೆ, 5. ಒಟ್ಟು 12.5. ವ್ಯತ್ಯಾಸ ಅರ್ಧ ಅಂಕವಾದರೂ ಅದರ ಅರ್ಥ ಮೂರು ಪಟ್ಟು. ಕಣ್ಣೆದುರಿಗೆ ತೊಟ್ಟಿಕ್ಕುವ ಸೋರಿಕೆಗಿಂತ, ಯಾರೂ ಕಾಣದ ಬೆಂಕಿ ಮೂರು ಪಟ್ಟು ದೊಡ್ಡ ಅಪಾಯ. ಬಟ್ಟೆ ಸುತ್ತಿದ ಹಳೆಯ ವೈರಿಂಗ್, ಪಕ್ಕದ ಕೋಣೆಯಲ್ಲಿ ನಂದಾದೀಪ, ಅಟ್ಟದ ಮೇಲೆ ಒಣ ತೆಂಗಿನ ಗರಿ ಇದ್ದು ಆ ಮುನ್ನೂರು ವರ್ಷ ನೂರಕ್ಕೆ ಇಳಿದರೆ ಒಟ್ಟು 13 ಆಗುತ್ತದೆ, ಸೋರಿಕೆಯ ಹತ್ತು ಪಟ್ಟು. ಹಾಗಿದ್ದರೂ ಪ್ರತಿ ವರ್ಷ ನಾವು ಖರ್ಚು ಮಾಡುವುದು ಹೆಂಚಿಗೆ. ಹೆಂಚು ಬೇಡವೆಂದು ನಾನು ಹೇಳುತ್ತಿಲ್ಲ. ಇರುವ ಹಣವನ್ನು ಮೊದಲು ಎಲ್ಲಿ ಹಾಕಬೇಕೆಂದು ಈ ಲೆಕ್ಕ ಹೇಳುತ್ತದೆ. ಸಭೆಯಲ್ಲಿ ಗಟ್ಟಿ ದನಿಯವರ ಮಾತೇ ನಡೆಯುವ ಕಡೆ, ಎಲ್ಲರೂ ಕೂತು ತುಂಬಿದ ಹತ್ತು ಸಾಲಿನ ಒಂದು ಹಾಳೆ ಎಷ್ಟು ಉಪಕಾರ ಮಾಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಂಕಿಯನ್ನು ದೂರದ ಮಾತೆಂದು ದಯವಿಟ್ಟು ತಳ್ಳಿಹಾಕಬೇಡಿ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆಯೇ ಸುಟ್ಟುಹೋಯಿತು. ಈಗ ನಾವು ನೋಡುವುದು 1912ರಲ್ಲಿ ಮುಗಿದ ಕಟ್ಟಡ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ 2016ರ ಏಪ್ರಿಲ್ 26ರಂದು ಉರಿಯಿತು. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ, ಇನ್ನೂರು ವರ್ಷ ತುಂಬಿದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸುಮಾರು ಎರಡು ಕೋಟಿ ವಸ್ತುಗಳಲ್ಲಿ ಬಹುಪಾಲು ಬೂದಿಯಾದವು. ಈಗ ಯಾರೂ ಆಡದ ಬುಡಕಟ್ಟು ಭಾಷೆಗಳ ಧ್ವನಿಮುದ್ರಣಗಳೂ ಅದರಲ್ಲಿದ್ದವು. ಸಮೀಪದ ಹೈಡ್ರಂಟ್‌ಗಳಲ್ಲಿ ಸಾಕಷ್ಟು ನೀರು ಬರಲಿಲ್ಲ. ಕಿಡಿ ಹೊತ್ತಿದ್ದು ಸಭಾಂಗಣದ ಎಸಿಯಿಂದ ಎಂದು ಮರುವರ್ಷ ಪೊಲೀಸ್ ತನಿಖೆ ಹೇಳಿತು. ನಿಮ್ಮ ಹಸ್ತಪ್ರತಿ ಕೋಣೆಯ ಎಸಿಯನ್ನು ಕೊನೆಯ ಬಾರಿ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದ್ದು ಯಾವಾಗ?

ಆ ಹತ್ತರ ಪಟ್ಟಿಯ ಕೊನೆಯದು, ಮಾಹಿತಿ ಕಳಚಿಹೋಗುವುದು, ನಮ್ಮ ನಾಡಿನ ಸಂಗ್ರಹಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಕಿ ಬಿದ್ದರೆ ಊರಿಗೇ ಗೊತ್ತಾಗುತ್ತದೆ. ಚೀಟಿ ಉದುರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಣ್ಣೆ ಹಚ್ಚಿ ಒರೆಸಲು ದಾರ ಬಿಚ್ಚಿದ ಎರಡು ಕಟ್ಟುಗಳು ಸಂಜೆ ಮತ್ತೆ ಪೋಣಿಸುವಾಗ ಒಂದಾಗಿಬಿಟ್ಟದ್ದನ್ನು ನೋಡಿದ್ದೇನೆ: ಮೊದಲ ಅರ್ಧ ವೈದ್ಯ ಗ್ರಂಥ, ಉಳಿದರ್ಧ ಯಾವುದೋ ಪುರಾಣದ ಷಟ್ಪದಿ, ಮೇಲೆ ಒಂದೇ ಚೀಟಿ. ಓಲೆಗಳೆಲ್ಲ ಕ್ಷೇಮ, ಎರಡೂ ಗ್ರಂಥಗಳು ಲೆಕ್ಕಕ್ಕೆ ಇಲ್ಲ. ಇದನ್ನು ತಡೆಯಲು ಮೊಬೈಲ್ ಫೋನ್ ಸಾಕು. ದಾರ ಬಿಚ್ಚುವ ಮುನ್ನ ಮೊದಲ ಓಲೆ, ಕೊನೆಯ ಓಲೆ, ಅಂಚಿನ ದಪ್ಪ, ಚೀಟಿ ಇವುಗಳ ಒಂದೊಂದು ಫೋಟೊ. ಪ್ರತಿ ಕಟ್ಟಿಗೆ ಒಂದು ಸಂಖ್ಯೆ. ಬೀರು, ಖಾನೆ, ಸ್ಥಾನ ಬರೆದ ಒಂದು ಪಟ್ಟಿ. ಕಳ್ಳತನವಾದರೆ ದೂರು ಕೊಡಲಿಕ್ಕೂ ಇದೇ ದಾಖಲೆ ಬೇಕು. ಸ್ವಲ್ಪ ದೊಡ್ಡ ಸಂಸ್ಥೆಯಾದರೆ ಪುಣೆಯ ಸಿ-ಡ್ಯಾಕ್ ವಸ್ತುಸಂಗ್ರಹಾಲಯಗಳಿಗೆಂದೇ ರೂಪಿಸಿದ 'ಜತನ್' ತಂತ್ರಾಂಶದ ಬಗ್ಗೆ ವಿಚಾರಿಸಿ. ಒಂದು ಎಚ್ಚರ ಮಾತ್ರ: ಯಾವ ಬೀರುವಿನಲ್ಲಿ ಏನಿದೆ, ಯಾವ ಬಾಗಿಲು ದುರ್ಬಲ ಎಂಬ ಪಟ್ಟಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಇಬ್ಬರು ಜವಾಬ್ದಾರರ ಬಳಿ, ಪಾಸ್‌ವರ್ಡ್ ಹಾಕಿ, ಒಂದು ಪ್ರತಿ ಬೇರೆ ಊರಿನಲ್ಲಿ ಇರಲಿ.

ನದಿ ದಂಡೆಯವರಿಗೆ ಪ್ರತ್ಯೇಕವಾಗಿ ಹೇಳಬೇಕು. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಮಂತ್ರಾಲಯದ ಮಠದೊಳಗೆ ನುಗ್ಗಿದ್ದು, 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ, ಕೊಡಗು ಮುಳುಗಿದ್ದು ನಿಮ್ಮ ನೆನಪಿನಲ್ಲಿದೆ. ಇಸ್ರೊದ ಭುವನ್ ನಕ್ಷೆಯಲ್ಲಿ ನಿಮ್ಮ ಕಟ್ಟಡವನ್ನೂ ಹತ್ತಿರದ ಹೊಳೆಯನ್ನೂ ಗುರುತಿಸಿ, ಹಿಂದಿನ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಊರಿನ ಹಿರಿಯರನ್ನು ಕೇಳಿ ಅದರ ಮೇಲೆ ಗೆರೆ ಎಳೆಯಿರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ಅಂಕಿಅಂಶ ಇಟ್ಟಿದೆ, ಅದನ್ನೂ ನೋಡಿ. ನೆರೆಯ ಆ ಗೆರೆ ನಿಮ್ಮ ಕೋಣೆಯ ಹೊಸ್ತಿಲನ್ನು ಮುಟ್ಟಿದರೆ ಓಲೆಗಳಿಗೆ ಮೇಲಿನ ಅಂತಸ್ತಿನಲ್ಲಿ ಜಾಗ ಹುಡುಕುವುದೊಂದೇ ದಾರಿ.

ಈ ಸಾಧನಗಳೆಲ್ಲ ನಮ್ಮ ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವಲ್ಲ ಎಂಬುದನ್ನೂ ಒಪ್ಪಬೇಕು. ಪೋಲೆಂಡಿನ ಕ್ರಾಕೋವ್‌ನ ಸಂಶೋಧಕರ ಮುಂದಾಳತ್ವದಲ್ಲಿ ಬೆಳೆದ 'ಹೆರಿ' ಎಂಬ ಅಂತರ್ಜಾಲ ವೇದಿಕೆ ಬೆಳಕು, ಹವೆ, ಬೆಂಕಿ ಮುಂತಾದ ಅಪಾಯಗಳನ್ನು ಲೆಕ್ಕ ಹಾಕಿ ಕೊಡುತ್ತದೆ. ನಿಮ್ಮ ಲಾಗರಿನ ಅಂಕಿಗಳನ್ನು ಹಾಕಿದರೆ ಮರ ಬಿರುಕು ಬಿಡುವ ಸಂಭವ ಎಷ್ಟೆಂದು ತೋರಿಸುತ್ತದೆ. ಆದರೆ ಅದರ ಲೆಕ್ಕದ ಹಿಂದೆ ಇರುವುದು ಯುರೋಪಿನ ಮರದ ಫಲಕದ ಚಿತ್ರಗಳಂಥ ವಸ್ತುಗಳ ಮೇಲೆ ನಡೆದ ಪ್ರಯೋಗಗಳು. ತಾಳೆಗರಿಗಾಗಲಿ, ಬಟ್ಟೆಗೆ ಇದ್ದಿಲು ಮತ್ತು ಹುಣಿಸೆಬೀಜದ ಅಂಟು ಬಳಿದು ಮಾಡಿದ ನಮ್ಮ ಕಡತಕ್ಕಾಗಲಿ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದ್ದರಿಂದ ಈ ಪತ್ರ ಓದುತ್ತಿರುವ ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗದವರಲ್ಲೂ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಲ್ಲೂ ಒಂದು ಬೇಡಿಕೆ: ತಾಳೆಗರಿ ಎಷ್ಟು ತೇವಕ್ಕೆ ಎಷ್ಟು ಉಬ್ಬುತ್ತದೆ, ಎಷ್ಟು ಒಣಗಿದರೆ ಸೀಳುತ್ತದೆ ಎಂಬುದನ್ನು ಬರೆಯದ ಖಾಲಿ ಓಲೆಗಳ ಮೇಲೆ ಅಳೆದು ಕೊಡಿ. ಎಬಿಸಿ ಹಾಳೆಯನ್ನು ಕನ್ನಡದಲ್ಲಿ, ಮೊಬೈಲಿನಲ್ಲಿ ತುಂಬುವಂತೆ ಮಾಡಿಕೊಡಿ. ನಿಮ್ಮ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಉಪಯುಕ್ತ ವಿಷಯ ಸಿಗುವುದು ಕಷ್ಟ.

ಆಡಳಿತ ಮಂಡಳಿಯವರಲ್ಲಿ ನಾನು ಕೇಳುವುದು ಇಷ್ಟು. ಮುಂಗಾರಿಗೆ ಮುನ್ನ ಒಂದು ಲಾಗರ್ ತರಿಸಿ ಓಲೆಗಳ ಪಕ್ಕದಲ್ಲಿಡಿ. ಒಂದು ವರ್ಷ ಪೂರ್ತಿ ಅಲ್ಲೇ ಇರಲಿ, ವರ್ಷ ತುಂಬುವವರೆಗೆ ಎಸಿಯನ್ನೂ ಹೊಸ ಬೀರುವನ್ನೂ ಕೊಳ್ಳಬೇಡಿ. ಪೂಜೆ ಮಾಡುವವರು, ಕಸ ಗುಡಿಸುವವರು, ರಾತ್ರಿ ಕಾವಲುಗಾರ, ಲೆಕ್ಕದವರು ಎಲ್ಲರನ್ನೂ ಒಂದು ಮಧ್ಯಾಹ್ನ ಕೂರಿಸಿ ಆ ಹತ್ತು ಸಾಲುಗಳನ್ನು ತುಂಬಿ. ಕಾವಲುಗಾರನಿಗೆ ಗೊತ್ತಿರುವ ಸೋರಿಕೆ ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ. ನಿಮ್ಮ ಸಂಗ್ರಹದಲ್ಲಿ ಮೊದಲು ಉಳಿಸಬೇಕಾದ ಹತ್ತು ಕಟ್ಟುಗಳು ಯಾವುವೆಂದು ತೀರ್ಮಾನಿಸಿ, ಅವು ಕತ್ತಲಲ್ಲೂ ಕೈಗೆ ಸಿಗುವ ಹಾಗೆ ಇಡಿ. ವೈರಿಂಗ್ ಪರೀಕ್ಷೆ ಮಾಡಿಸಿ. ಬೆಂಕಿ ಆರಿಸಲು ನೀರಿನ ಬದಲು ಯಾವ ಸಾಧನ ಇಡಬೇಕೆಂದು ಅಗ್ನಿಶಾಮಕ ಠಾಣೆಯವರನ್ನು ಒಮ್ಮೆ ಕರೆದು ಕೇಳಿ. ಸ್ಕ್ಯಾನಿಂಗ್ ಗುತ್ತಿಗೆ ಕೊಡುವವರಿದ್ದರೆ, ಅದರ ಮೊತ್ತದಲ್ಲಿ ಹತ್ತನೇ ಒಂದು ಪಾಲನ್ನು ಮೂಲ ಓಲೆಗಳಿರುವ ಕೋಣೆಗೆ ಎತ್ತಿಡಿ ಎಂಬುದು ನನ್ನ ವಿನಂತಿ. 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಜ್ಞಾನ ಭಾರತಂ ಯೋಜನೆ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಯ ಗುರಿ ಇಟ್ಟುಕೊಂಡಿದೆ. ನೆರವಿಗೆ ಅರ್ಜಿ ಹಾಕುವಾಗ ನಿಮ್ಮ ಕೋಣೆಯ ಒಂದು ವರ್ಷದ ಗ್ರಾಫ್ ಮತ್ತು ತುಂಬಿದ ಹಾಳೆ ಜೊತೆಗಿದ್ದರೆ, ಯಾವುದಕ್ಕೆ ಎಷ್ಟು ಹಣ ಬೇಕೆಂದು ನೀವು ಆಧಾರ ಸಹಿತ ಕೇಳಬಹುದು.

ಹಾಳೆ ತುಂಬಲು ನೆರವು ಬೇಕಾದವರು ಕರೆಯಿರಿ, ಬರುತ್ತೇನೆ. ನನ್ನಂತೆ ಬರಲು ಸಿದ್ಧರಿರುವ ಇನ್ನೂ ಹಲವರು ಈ ನಾಡಿನಲ್ಲಿದ್ದಾರೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಮೊದಲನೆಯದಾಗಿ ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಸ್ತಪ್ರತಿ ಸಂರಕ್ಷಣೆಯ ಕೆಲಸದಲ್ಲಿರುವ ಒಬ್ಬ ಕನ್ನಡಿಗ
ಮೈಸೂರು